ಅವ್ವನ ಬೆನ್ನಿಗೆ ಸ್ಕ್ರೂ ಹಾಕಿಸಬೇಕಂತೆ

ಪ್ರಶ್ನೆ

ಅಕ್ಕಾರೆ, ನಮ್ಮದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಅವ್ವನಿಗೆ 57 ವರ್ಷ. ನಾನು ಸಣ್ಣವನಿದ್ದಾಗಿನಿಂದ ಮಳೆಗಾಲ ಬಂತೆಂದರೆ ಓಣಿಯ ಹೆಣ್ಣುಮಕ್ಕಳ ಜೊತೆ ಟ್ರ್ಯಾಕ್ಟರ್ ಹತ್ತಿ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಟೊಂಕ ನೋವು ಎಷ್ಟೋ ವರ್ಷದ್ದು. ಈಗ ಒಂದು ವರ್ಷದಿಂದ ಬಲಗಾಲು ಸೆಳೆಯುತ್ತದೆ, ಜೋಮು ಹಿಡಿಯುತ್ತದೆ. ಮನೆಯಿಂದ ಹನುಮಪ್ಪನ ಗುಡಿ ಮುಟ್ಟುವಷ್ಟರಲ್ಲಿ ಎರಡು ಸಲ ಯಾರದಾದರೂ ಕಟ್ಟೆಯ ಮೇಲೆ ಕೂರುತ್ತಾಳೆ. ಕೂತರೆ ನೋವು ಇಳಿಯುತ್ತದೆ, ಎದ್ದು ನಡೆದರೆ ಮತ್ತೆ ಶುರು.

ಎಂಆರ್‌ಐ ಮಾಡಿಸಿದೆವು. ಸೊಂಟದ ನಾಲ್ಕನೇ ಮಣಿ ಐದನೆಯದರ ಮೇಲೆ ಮುಂದಕ್ಕೆ ಜರುಗಿದೆ, ನರ ಒತ್ತಿದೆ. ನಾಲ್ಕು ಸ್ಕ್ರೂ, ಎರಡು ರಾಡ್, ನಡುವೆ ಒಂದು ಕೇಜ್ ಹಾಕಿ ಎರಡೂ ಮಣಿ ಕೂಡಿಸಬೇಕು ಎಂದರು ಡಾಕ್ಟರು. ಎಕ್ಸ್‌ರೇ ನೋಡಿ ‘ಎಲುಬು ಬಹಳ ಬೆಳ್ಳಗೆ ಕಾಣುತ್ತದೆ, ನಿಮ್ಮ ಕಡೆ ನೀರಿನದ್ದು’ ಅಂದರು. ಬೆಳ್ಳಗಿದ್ದರೆ ಎಲುಬು ಕಲ್ಲಿನಂತಿದೆ, ಸ್ಕ್ರೂ ಗಟ್ಟಿ ಕೂಡುತ್ತದೆ ಅಂತ ನಮ್ಮ ಸೋದರಮಾವ ಹೇಳುತ್ತಾರೆ. ಅವ್ವನಿಗೆ 8 ವರ್ಷದಿಂದ ಶುಗರ್ ಇದೆ, ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 9.2 ಬಂದಿದೆ. ಎಲೆಯಡಿಕೆಗೆ ತಂಬಾಕು ಬೇಕೇ ಬೇಕು. ನೋವಿಗೆ ಊರಿನ ಡಾಕ್ಟರು ಕಾಗದದಲ್ಲಿ ಕಟ್ಟಿಕೊಡುವ ಗುಳಿಗೆಗಳನ್ನು ಎರಡು ಮೂರು ವರ್ಷದಿಂದ ನುಂಗುತ್ತಾಳೆ.

ನನ್ನ ಹೆದರಿಕೆ ಬೇರೆ. ನಮ್ಮ ಕಾಕಾ ಗಂಗಾವತಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನಿಗೂ ಇದೇ ಆಪರೇಷನ್ ಆಗಿತ್ತು. ನಾಲ್ಕು ತಿಂಗಳಿಗೆ ಮತ್ತೆ ಚೀಲ ಹೊತ್ತ. ಒಂದೂವರೆ ವರ್ಷಕ್ಕೆ ಸ್ಕ್ರೂ ಸಡಿಲಾಗಿ, ಒಂದು ರಾಡ್ ಮುರಿದು, ಎರಡನೇ ಆಪರೇಷನ್ ಆಯಿತು. ಈಗ ಮನೆಯಲ್ಲೇ ಇದ್ದಾನೆ. ಊರವರೆಲ್ಲ ‘ಲೋಕಲ್ ಸ್ಕ್ರೂ ಹಾಕಿದ್ದರು’ ಎನ್ನುತ್ತಾರೆ. ಅವ್ವನಿಗೆ ಫಾರಿನ್ ಸ್ಕ್ರೂ ಹಾಕಿಸಲು ಒಂದು ಎಕರೆ ಅಡವಿಡಲೇ? ಇಲ್ಲ ಆಪರೇಷನ್ನೇ ಬೇಡವೇ?

ಹೆಸರು ಬೇಡ, ಯಲಬುರ್ಗಾ ತಾಲೂಕು

ಉತ್ತರ

ತಮ್ಮಾ, ನಾನು ನಿನಗಿಂತ ಬಹಳ ದೊಡ್ಡವಳು, ನೀನು ಎಂದೇ ಬರೆಯುತ್ತೇನೆ. ಮೊದಲು ಹೊಲದ ಮಾತು ಮುಗಿಸೋಣ. ಸ್ಕ್ರೂ ಸಲುವಾಗಿ ಹೊಲ ಅಡವಿಡಬೇಡ. ನಿನ್ನ ಅವ್ವನ ಬೆನ್ನಿನಲ್ಲಿ ನಾಳೆ ಏನಾಗುತ್ತದೆ ಎನ್ನುವುದನ್ನು ತೀರ್ಮಾನಿಸುವ ಸಂಗತಿಗಳು ನಿನ್ನ ಪತ್ರದಲ್ಲೇ ಇವೆ. ಅವುಗಳಲ್ಲಿ ಸ್ಕ್ರೂ ಯಾವ ದೇಶದ್ದು ಎನ್ನುವುದು ಬಹಳ ಕೆಳಗಿನ ಸಂಗತಿ.

ಈ ಆಪರೇಷನ್ನಿನಲ್ಲಿ ಲೋಹದ ಕೆಲಸ ಏನೆಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಮನೆಗೆ ಸ್ಲ್ಯಾಬ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ಕಂಬಗಳು, ಹಲಗೆಗಳು. ಕಾಂಕ್ರೀಟು ಗಟ್ಟಿಯಾಗುವವರೆಗೆ ಭಾರ ಹೊರುವುದು ಅವು. ಗಟ್ಟಿಯಾದ ಮೇಲೆ ಸ್ಲ್ಯಾಬು ತನ್ನ ಭಾರ ತಾನೇ ಹೊರುತ್ತದೆ. ಬೆನ್ನಿನ ಸ್ಕ್ರೂ, ರಾಡ್, ಕೇಜ್ ಇವೆಲ್ಲ ಆ ಸೆಂಟ್ರಿಂಗ್. ಸ್ಲ್ಯಾಬ್ ಎಂದರೆ ಎರಡು ಮಣಿಗಳ ನಡುವೆ ಬೆಳೆದು ಕೂಡಿಕೊಳ್ಳಬೇಕಾದ ಹೊಸ ಎಲುಬು. 1911ರಲ್ಲಿ ನ್ಯೂಯಾರ್ಕಿನಲ್ಲಿ ಹಿಬ್ಸ್ ಮತ್ತು ಆಲ್ಬಿ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಬೆನ್ನುಮಣಿ ಕೂಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲು ಬರೆದಾಗ ಈ ಸ್ಕ್ರೂಗಳು ಇರಲೇ ಇಲ್ಲ. ರೋಗಿಯ ಎಲುಬಿನ ಚೂರುಗಳನ್ನೇ ಇಟ್ಟು, ಬೆಳೆಯಲಿ ಎಂದು ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ರೋಗಿ ಬೇಗ ಎದ್ದು ಓಡಾಡಲಿ, ಅಷ್ಟರಲ್ಲಿ ಮಣಿಗಳು ಅಲುಗದಿರಲಿ ಎಂದು ಲೋಹ ಬಂದದ್ದು ಆಮೇಲೆ.

ಕಾಂಕ್ರೀಟಿಗೆ 28 ದಿನ ಎನ್ನುತ್ತಾರೆ ಮೇಸ್ತ್ರಿಗಳು. ಎಲುಬಿಗೆ ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಎಲುಬು ಕೂಡಲೇ ಇಲ್ಲ ಎಂದಾದರೆ ಸೆಂಟ್ರಿಂಗೇ ಕೊನೆಯವರೆಗೆ ಭಾರ ಹೊರಬೇಕಾಗುತ್ತದೆ. ಯಾವ ಲೋಹವೂ ಅದಕ್ಕೆ ಹುಟ್ಟಿಲ್ಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಲೇ ಇದ್ದರೆ ಕೊನೆಗೊಮ್ಮೆ ತುಂಡಾಗುತ್ತದೆ ನೋಡು, ರಾಡು ಮುರಿಯುವುದು ಹಾಗೆ, ದಿನದ ಸಾವಿರಾರು ಸಣ್ಣ ಬಾಗುವಿಕೆಗೆ ದಣಿದು. ಹಾಗಾಗಿ ರಾಡು ಮುರಿಯಿತು ಎಂದಾಗ ವೈದ್ಯರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಲುಬು ಯಾಕೆ ಕೂಡಲಿಲ್ಲ’ ಎಂಬುದು.

ಸಡಿಲಾಗುವುದರ ರೀತಿ ಬೇರೆ. ಎರೆಹೊಲದಲ್ಲಿ ಎತ್ತು ಕಟ್ಟಲು ಗೂಟ ನೆಟ್ಟಿದ್ದೀಯಾ? ಎತ್ತು ದಿನಾ ಜಗ್ಗುತ್ತದೆ. ಗೂಟ ಮುರಿಯುವುದಿಲ್ಲ, ಅದರ ಸುತ್ತಲ ಕುಣಿ ಅಗಲವಾಗುತ್ತದೆ. ಒಂದು ದಿನ ಗೂಟ ಕೈಗೇ ಬರುತ್ತದೆ. ಎಲುಬು ಟೊಳ್ಳಾಗಿದ್ದರೆ ಸ್ಕ್ರೂ ಗತಿಯೂ ಅದೇ. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಸಣ್ಣ ಕಪ್ಪು ಅಂಚು ಕಾಣುತ್ತದೆ. ಕೇಜ್ ಎಂಬ ಪೆಟ್ಟಿಗೆ ಹಸಿ ಮಣ್ಣಿನ ಮೇಲಿಟ್ಟ ಹೊರಸಿನ ಕಾಲಿನಂತೆ ಮಣಿಯೊಳಕ್ಕೆ ಇಳಿಯುವುದುಂಟು, ಅಪರೂಪಕ್ಕೆ ಹಿಂದಕ್ಕೆ ಜಾರಿ ನರಕ್ಕೆ ತಾಗುವುದುಂಟು. ಸ್ಕ್ರೂ ತನ್ನ ದಾರಿ ಬಿಟ್ಟು ನರದ ಹತ್ತಿರ ಹೋಗುವುದು ಆಪರೇಷನ್ ಮಾಡುವವರ ಕೈಗೆ ಸಂಬಂಧಿಸಿದ್ದು. ಲೋಹದ ಮೇಲೆ ಸೋಂಕು ಕೂರುವುದು ಮತ್ತೊಂದು. ಇಷ್ಟನ್ನೂ ಊರಿನವರು ‘ಸ್ಕ್ರೂ ಕೆಟ್ಟಿತು’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಒಂದೊಂದಕ್ಕೂ ಕಾರಣ ಬೇರೆ, ತಡೆಯುವ ದಾರಿ ಬೇರೆ.

ಈಗ ನಿನ್ನ ಸೋದರಮಾವನ ಮಾತಿಗೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ.

ನಮ್ಮ ಕೊಪ್ಪಳ ಎರಡು ನೀರಿನ ಜಿಲ್ಲೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ ಗಂಗಾವತಿ ಸೀಮೆಯನ್ನು ಭತ್ತದ ನಾಡು ಮಾಡಿತು. ಯಲಬುರ್ಗಾ, ಕುಷ್ಟಗಿಯ ಬಹುಪಾಲು ಹಳ್ಳಿಗಳು ಬೋರ್‌ವೆಲ್ ನಂಬಿ ಬದುಕಿದವು. ಗಟ್ಟಿಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆಯಾಗಿ ಬೋರು ಆಳಕ್ಕೆ ಇಳಿದಷ್ಟೂ ಕಲ್ಲಿನ ಸಂಗ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆ. ಕೊಪ್ಪಳ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಈ ಗೆರೆ ದಾಟಿದ್ದು ಹೊಸ ಸುದ್ದಿಯಲ್ಲ. ನಿನ್ನ ಅವ್ವ ನಾಟಿ ಹಚ್ಚಿದ್ದು ಹೊಳೆ ನೀರಿನ ಗದ್ದೆಯಲ್ಲಿ, ಬದುಕಿಡೀ ಕುಡಿದದ್ದು ಬೋರಿನ ನೀರು.

ಫ್ಲೋರೈಡ್ ಎಲುಬಿನ ಸುಣ್ಣದ ಹರಳಿನೊಳಗೆ ಹೊಕ್ಕು ಕೂರುತ್ತದೆ. ಎಲುಬು ದಪ್ಪವಾಗುತ್ತದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮಣಿಗಳನ್ನು ಕಟ್ಟಿಹಿಡಿದ ಪಟ್ಟಿಗಳು ಕೂಡ ಸುಣ್ಣಗಟ್ಟುತ್ತವೆ, ನರ ಹೋಗುವ ದಾರಿ ಇಕ್ಕಟ್ಟಾಗುತ್ತದೆ. 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ಸೆಟೆದ ಬೆನ್ನನ್ನು ಕಂಡು ಬರೆದಿದ್ದರು. ಆದರೆ ದಪ್ಪ ಎಂದರೆ ಬಲ ಎಂದು ಅರ್ಥವಲ್ಲ. ಸೀಮೆಸುಣ್ಣದ ಕಡ್ಡಿಯೂ ಬೆಳ್ಳಗೆ, ದಪ್ಪಗೆ, ಗಟ್ಟಿಯಾಗಿಯೇ ಇರುತ್ತದೆ. ಸ್ವಲ್ಪ ಬಾಗಿಸು, ಚಟ್ಟನೆ ಮುರಿಯುತ್ತದೆ. ಒಳ್ಳೆಯ ಎಲುಬಿಗೆ ಗಟ್ಟಿತನದ ಜೊತೆ ಬಾಗುವ ಗುಣವೂ ಬೇಕು. ಫ್ಲೋರೈಡ್ ಎಲುಬಿನಲ್ಲಿ ಎರಡನೆಯದು ಕಡಿಮೆ. ಹಾಲು ಮೊಸರು ಕಡಿಮೆ ತಿಂದು, ಮೈಯಲ್ಲಿ ಡಿ ವಿಟಮಿನ್ನೂ ಇಲ್ಲದಿದ್ದರೆ ಹೊರಗೆ ಬಿಳುಪು, ಒಳಗೆ ಮೆತ್ತಗೆ ಎಂಬ ಕಲಬೆರಕೆ ಎಲುಬು ಸಿಗುತ್ತದೆ.

ಇದರಿಂದ ಒಂದು ನೇರ ತೊಂದರೆ ಇದೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಲುಬು ಸವೆದಿದೆ ಎನ್ನುತ್ತಾರೆ. ಫ್ಲೋರೈಡ್ ತುಂಬಿದ ಬೆನ್ನಿನಲ್ಲಿ ಈ ಅಂಕಿ ಸುಳ್ಳು ಧೈರ್ಯ ಹೇಳುತ್ತದೆ. ವಯಸ್ಸಿಗೆ ಮಣಿಗಳ ಅಂಚಿನಲ್ಲಿ ಬೆಳೆದ ಮುಳ್ಳುಗಳೂ ಅಂಕಿಯನ್ನು ಏರಿಸುತ್ತವೆ. ಆದ್ದರಿಂದ ಬೆನ್ನಿನ ಅಂಕಿ ಒಂದನ್ನೇ ನಂಬದೆ ಚಪ್ಪೆಯ ಎಲುಬು, ಮುಂಗೈ ಎಲುಬು ಕೂಡ ನೋಡಲು ಕೇಳು. ಮುಂಗೈ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್ಸಿನ, ಅಂದರೆ ಫ್ಲೋರೈಡ್ ತಂದ ಎಲುಬಿನ ರೋಗದ, ಹಳೆಯ, ನಂಬಬಹುದಾದ ಗುರುತು. ರಕ್ತದಲ್ಲಿ ಡಿ ವಿಟಮಿನ್, ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್, ಕಿಡ್ನಿಯ ಕ್ರಿಯಾಟಿನಿನ್ ನೋಡಿಸಬೇಕು. ಸಿಟಿ ಸ್ಕ್ಯಾನ್ ಮಾಡುವುದಿದ್ದರೆ ಸ್ಕ್ರೂ ಕೂರುವ ಜಾಗದ ಎಲುಬು ಎಷ್ಟು ಗಟ್ಟಿ ಎಂದು ಅದರಲ್ಲೂ ಅಳೆಯಬಹುದು. ಬೆಳ್ಳಗಿದೆ ಎಂದು ಹೇಳಿದ ಆ ಡಾಕ್ಟರನ್ನು ನಾನು ಮೆಚ್ಚುತ್ತೇನೆ, ಎಷ್ಟೋ ಕಡೆ ಅದನ್ನು ಗಮನಿಸುವುದೇ ಇಲ್ಲ. ಮುಂದಿನ ಪ್ರಶ್ನೆ ನೀನು ಕೇಳಬೇಕು: ‘ಹಾಗಾದರೆ ಈ ಎಲುಬು ಸ್ಕ್ರೂ ಹಿಡಿಯುತ್ತದೆಯೇ, ಪರೀಕ್ಷೆ ಮಾಡಿ ಹೇಳುತ್ತೀರಾ?’

ಒಂದು ಮಾತು ಅವ್ವನ ಹತ್ತಿರ ಕುಳಿತು ನಿನ್ನ ಹೆಂಡತಿಯೋ ಅಕ್ಕ ತಂಗಿಯೋ ಕೇಳಲಿ. ಗರ್ಭಕೋಶ ತೆಗೆಸಿದ್ದಾರೆಯೇ, ಯಾವ ವಯಸ್ಸಿಗೆ? ನಮ್ಮ ಭಾಗದಲ್ಲಿ ಮೂವತ್ತೈದು ನಲವತ್ತಕ್ಕೇ ‘ಚೀಲ’ ತೆಗೆಸಿಕೊಂಡ ಹೆಣ್ಣುಮಕ್ಕಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅಂಡಾಶಯಗಳನ್ನೂ ಸೇರಿಸಿ ತೆಗೆದಿದ್ದರೆ ಎಲುಬಿನ ಸವೆತ ಹತ್ತು ಹದಿನೈದು ವರ್ಷ ಮೊದಲೇ ಶುರುವಾಗಿರುತ್ತದೆ. ಬೆನ್ನು ನೋವಿಗೆ ಹೋದಾಗ ಇದನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನನ್ನ ಸ್ವಂತ ಚಿಕ್ಕಮ್ಮನಿಗೆ ಹೀಗೇ ಆಯಿತು. ಮೂರು ಮಣಿಗಳಿಗೆ ಸ್ಕ್ರೂ ಹಾಕಿದರು. ಎಲುಬು ಹೇಗಿದೆ ಎಂದು ಯಾರೂ ನೋಡಿರಲಿಲ್ಲ, ನಾನು ಕೂಡ ಕೇಳಲಿಲ್ಲ. ಎಂಟನೇ ತಿಂಗಳಿಗೆ ಮೇಲಿನ ಎರಡು ಸ್ಕ್ರೂ ಅಲುಗಾಡುತ್ತಿದ್ದವು. ಆಕೆಯ ಗರ್ಭಕೋಶ ತೆಗೆಸಿದ್ದು 36ನೇ ವಯಸ್ಸಿಗೆ ಎಂದು ನನಗೆ ಗೊತ್ತಿತ್ತು, ಆ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಆಗ ಬರಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ, ಅದಕ್ಕೇ ನಿನಗೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಊರಿನ ಗುಳಿಗೆ ಪೊಟ್ಟಣದ ವಿಷಯ. ಎರಡು ದಿನದಲ್ಲಿ ಎಲ್ಲ ನೋವೂ ಮಾಯವಾಗುವ, ಮುಖ ಸ್ವಲ್ಪ ಊದಿಸುವ, ಹಸಿವು ಹೆಚ್ಚಿಸುವ ಗುಳಿಗೆ ಅದಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಬಹಳ. ಸ್ಟೀರಾಯ್ಡ್ ಎಲುಬು ತಿನ್ನುತ್ತದೆ, ಶುಗರ್ ಏರಿಸುತ್ತದೆ, ಗಾಯ ಮಾಯುವುದನ್ನು ತಡೆಯುತ್ತದೆ. ನಿನ್ನ ಅವ್ವನ 9.2ರಲ್ಲಿ ಅದರ ಪಾಲೂ ಇರಬಹುದು. ಆದರೆ ಇದನ್ನು ಓದಿ ಇಂದೇ ಪೊಟ್ಟಣ ಒಲೆಗೆ ಹಾಕಬೇಡ. ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಬಿ.ಪಿ. ಕುಸಿದು ಜೀವಕ್ಕೆ ಅಪಾಯ ಆಗಬಹುದು. ಗುಳಿಗೆಗಳನ್ನು ಹಾಗೇ ಕಟ್ಟಿಕೊಂಡು ಹೋಗಿ ಫಿಜಿಷಿಯನ್ ಮುಂದೆ ಇಡು, ಅವರು ಮೆಲ್ಲಗೆ ಇಳಿಸುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರಿಗೂ ಇದನ್ನು ತಪ್ಪದೆ ಹೇಳಬೇಕು.

ಶುಗರ್ 9.2 ಇಟ್ಟುಕೊಂಡು ಟೇಬಲ್ ಹತ್ತುವುದು ಬೇಡ. ಅಪಘಾತವೋ ಕಾಲಿನ ಬಲ ಹೋಗುವ ತುರ್ತೋ ಇದ್ದರೆ ಬೇರೆ. ಯೋಜಿಸಿ ಮಾಡುವ ಆಪರೇಷನ್ನಿಗೆ ಬಹಳಷ್ಟು ಸರ್ಜನ್ನರು ಈ ಅಂಕಿ ಏಳೂವರೆ, ಎಂಟರ ಒಳಗೆ ಇರಬೇಕು ಎನ್ನುತ್ತಾರೆ. ಸಕ್ಕರೆ ಹೆಚ್ಚಿದ್ದರೆ ಎಲುಬು ನಿಧಾನವಾಗಿ ಕೂಡುತ್ತದೆ, ಸೋಂಕು ಬೇಗ ಬರುತ್ತದೆ. ಲೋಹ ಇರುವ ಜಾಗದ ಸೋಂಕು ಸಾಮಾನ್ಯ ಗಾಯದ ಸೋಂಕಿನಂತಲ್ಲ. ರೋಗಾಣುಗಳು ಸ್ಕ್ರೂ ಮೇಲೆ ಅಂಟಂಟಾದ ಪೊರೆ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ, ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ. ಆ ಪೊರೆಯೊಳಗೆ ಔಷಧಿ ಸರಿಯಾಗಿ ಹೋಗುವುದಿಲ್ಲ. ಕೆಲವೊಮ್ಮೆ ಜ್ವರ, ಕೀವು ಏನೂ ಇಲ್ಲದೆ ತಿಂಗಳುಗಟ್ಟಲೆ ಇದ್ದು, ಕೊನೆಗೆ ಸ್ಕ್ರೂ ಸಡಿಲಾದಾಗಲೇ ಗೊತ್ತಾಗುವುದುಂಟು. ಮೂರು ತಿಂಗಳ ಸರಾಸರಿ ಇಳಿಯಲು ಮೂರು ತಿಂಗಳೇ ಬೇಕು. ಆ ಮೂರು ತಿಂಗಳು ವ್ಯರ್ಥ ಎಂದುಕೊಳ್ಳಬೇಡ. ಆಪರೇಷನ್ನಿನ ಮೊದಲ ಭಾಗ ನಡೆಯುವುದು ಅಲ್ಲೇ.

ತಂಬಾಕು. ಬೀಡಿ ಸೇದುವವರಿಗೆ ಮಾತ್ರ ತೊಂದರೆ, ಬಾಯಲ್ಲಿಟ್ಟರೆ ಏನಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ನಂಬಿದ್ದಾರೆ. ಹೊಸ ಎಲುಬು ಬೆಳೆಯಬೇಕಾದರೆ ಅಲ್ಲಿಗೆ ಸಣ್ಣ ಸಣ್ಣ ರಕ್ತನಾಳಗಳು ಬರಬೇಕು. ನಿಕೋಟಿನ್ ಆ ನಾಳಗಳನ್ನು ಬಿಗಿಯುತ್ತದೆ. ಅದು ಹೊಗೆಯಲ್ಲಿ ಬಂದರೂ ಅದೇ, ಎಲೆಯ ಜೊತೆ ಬಂದರೂ ಅದೇ. ಧೂಮಪಾನಿಗಳಲ್ಲಿ ಎಲುಬು ಕೂಡದೇ ಉಳಿಯುವುದು ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಆಪರೇಷನ್ನಿಗೆ ಕನಿಷ್ಠ ನಾಲ್ಕರಿಂದ ಆರು ವಾರ ಮೊದಲು ಬಿಡಬೇಕು, ಎಲುಬು ಕೂಡುವವರೆಗೂ ಮುಟ್ಟಬಾರದು. ಎಷ್ಟೋ ವರ್ಷದ ಚಟ ಬೈದರೆ ಬಿಡುವುದಿಲ್ಲ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ, ನೀನು ಪಕ್ಕದಲ್ಲಿ ಕುಳಿತು ಮಾತನಾಡಿಸು. ಮನೆಯಲ್ಲಿ ತಂಬಾಕು ಹಾಕುವ ಬೇರೆಯವರಿದ್ದರೆ ಅವರೂ ಆ ವರ್ಷ ಅವ್ವನ ಮುಂದೆ ಚಂಚಿ ಬಿಚ್ಚದಿರಲಿ.

ನೀರು ಬದಲಾಗಬೇಕು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಊರಿಗೆ ನದಿ ನೀರು ಬರುತ್ತಿದ್ದರೆ ಅದು, ಇಲ್ಲವಾದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಕುಡಿಯಲು ಮಾತ್ರವಲ್ಲ, ಬೇಳೆ ಬೇಯಿಸಲು, ಚಹಾಕ್ಕೆ ಕೂಡ. ಕಡು ಚಹಾ ಕಡಿಮೆ ಮಾಡಲಿ, ಚಹಾ ಎಲೆಯಲ್ಲೇ ಫ್ಲೋರೈಡ್ ಇದೆ. ಎಲುಬಿಗೆ ಸೇರಿದ ಫ್ಲೋರೈಡ್ ವರ್ಷಗಟ್ಟಲೆ ತೆಗೆದುಕೊಂಡು ಹೊರಬೀಳುತ್ತದೆ, ಮೂರು ತಿಂಗಳಲ್ಲಿ ಹೋಗುವುದಲ್ಲ. ಹೊಸದಾಗಿ ಬೆಳೆಯುವ ಎಲುಬಾದರೂ ಒಳ್ಳೆಯ ನೀರಿನಲ್ಲಿ ಬೆಳೆಯಲಿ ಎಂಬುದಷ್ಟೇ ಆಸೆ. ಡಿ ವಿಟಮಿನ್, ಕ್ಯಾಲ್ಸಿಯಂ ಕೊರತೆ ಇದ್ದರೆ ವೈದ್ಯರು ತುಂಬಿಸುತ್ತಾರೆ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇಲ್ಲದಿದ್ದರೆ ಹಾಲು, ಮೊಸರು, ಹೆಸರು, ಕಡಲೆ, ಶೇಂಗಾ; ರೊಟ್ಟಿ ಪುಂಡಿಪಲ್ಯದ ಜೊತೆ ಇವೂ ತಟ್ಟೆಗೆ ಬರಲಿ. ಮೈಯಲ್ಲಿ ಪ್ರೋಟೀನ್ ಇಲ್ಲದವರ ಗಾಯ ಬೇಗ ಮಾಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಎಲುಬು ದುರ್ಬಲ ಎಂದು ಬಂದರೆ ಸರ್ಜನ್ನರ ಕೈಯಲ್ಲಿ ಉಪಾಯಗಳಿವೆ. ಸ್ಕ್ರೂ ಸುತ್ತ ಎಲುಬಿನ ಸಿಮೆಂಟು ತುಂಬಬಹುದು, ದಪ್ಪ ಸ್ಕ್ರೂ ಆರಿಸಬಹುದು, ಎಲುಬು ಬೆಳೆಸುವ ಟೆರಿಪ್ಯಾರಟೈಡ್ ಎಂಬ ದಿನದ ಇಂಜೆಕ್ಷನ್ ಕೆಲವರಿಗೆ ಕೊಡುತ್ತಾರೆ. ಫ್ಲೋರೋಸಿಸ್ ಇರುವವರಿಗೆ ಯಾವ ಔಷಧಿ ಒಗ್ಗುತ್ತದೆ ಎನ್ನುವುದನ್ನು ರಕ್ತಪರೀಕ್ಷೆ ನೋಡಿಯೇ ಹೇಳಬೇಕು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ. ಎಷ್ಟು ಮಣಿ ಕೂಡಿಸುತ್ತಾರೆ ಎಂಬುದು ಬಹಳ ಮುಖ್ಯ. ಎರಡೇ ಮಣಿ ಕೂಡಿಸುವುದಕ್ಕೂ ನಾಲ್ಕೈದು ಮಣಿ ಸೇರಿಸಿ ತ್ರಿಕಾಸ್ಥಿಯವರೆಗೆ ಇಳಿಸುವುದಕ್ಕೂ ಲೋಹದ ಮೇಲೆ ಬೀಳುವ ಭಾರದಲ್ಲಿ ದೊಡ್ಡ ವ್ಯತ್ಯಾಸ. ಅವ್ವನಿಗೆ ಹೇಳಿರುವುದು ಎರಡೇ ಮಣಿ, ಅದು ಸಮಾಧಾನದ ಸಂಗತಿ.

ಸ್ಕ್ರೂ ಬಗ್ಗೆ ನಾಲ್ಕೇ ಮಾತು. ಇವು ಹೆಚ್ಚಾಗಿ ಟೈಟಾನಿಯಂ ಮಿಶ್ರಲೋಹದವು. 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ತಯಾರಾದವಕ್ಕೂ ಹೊರಗಿನಿಂದ ಬಂದವಕ್ಕೂ ಲೈಸೆನ್ಸ್ ಬೇಕು. ಪ್ರತಿ ಸ್ಕ್ರೂ ಪ್ಯಾಕಿನಲ್ಲಿ ಕಂಪನಿ ಹೆಸರು, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಿ ಎಂದು ಮೊದಲೇ ಕೇಳು. ಫಾರಿನ್ ಸ್ಕ್ರೂಗೆ ಹಾಕಬೇಕೆಂದಿದ್ದ ದುಡ್ಡು ಪರೀಕ್ಷೆಗಳಿಗೆ, ಔಷಧಿಗೆ, ಅವ್ವ ಒಂದು ವರ್ಷ ಕೂಲಿಗೆ ಹೋಗದೆ ಮನೆಯಲ್ಲಿರಲು ಬೇಕಾಗುತ್ತದೆ.

ಇನ್ನು ನಿನ್ನ ಎರಡನೇ ಪ್ರಶ್ನೆ, ಆಪರೇಷನ್ ಬೇಕೇ. ನಾನು ಎಕ್ಸ್‌ರೇ ನೋಡಿಲ್ಲ, ಕಾಲಿನ ಬಲ ಪರೀಕ್ಷಿಸಿಲ್ಲ, ಆದ್ದರಿಂದ ಹೌದು ಇಲ್ಲ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಸರ್ಜನ್ನರ ಮುಂದೆ ಇಡಬೇಕಾದ ಒಂದು ಪ್ರಶ್ನೆ ಕೊಡುತ್ತೇನೆ. ನಡೆದರೆ ನೋವು, ಕೂತರೆ ಆರಾಮ ಎಂದರೆ ಒತ್ತಿಕೊಂಡ ನರದ ಲಕ್ಷಣ. ನರದ ಮೇಲಿನ ಒತ್ತಡ ಬಿಡಿಸುವುದು ಒಂದು ಕೆಲಸ, ಮಣಿ ಕೂಡಿಸುವುದು ಇನ್ನೊಂದು. ಎರಡೂ ಯಾವಾಗಲೂ ಒಟ್ಟಿಗೇ ಆಗಬೇಕೆಂದಿಲ್ಲ. 2016ರಲ್ಲಿ ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಒತ್ತಡ ಬಿಡಿಸುವುದರ ಜೊತೆ ಮಣಿ ಕೂಡಿಸಿದವರಿಗೆ, ಒತ್ತಡ ಮಾತ್ರ ಬಿಡಿಸಿಕೊಂಡವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. 2021ರಲ್ಲಿ ನಾರ್ವೆಯವರು ಮಣಿ ಜರುಗಿದವರಲ್ಲೇ ಹೋಲಿಸಿ ನೋಡಿದಾಗಲೂ ಸ್ಕ್ರೂ ಇಲ್ಲದ ಆಪರೇಷನ್ ಹಿಂದೆ ಬೀಳಲಿಲ್ಲ. ಹಾಗೆಂದು ಎಲ್ಲರಿಗೂ ಸ್ಕ್ರೂ ಬೇಡ ಎಂದಲ್ಲ. ಬಾಗಿದಾಗ ಎದ್ದಾಗ ಮಣಿ ಬಹಳ ಅಲುಗುತ್ತಿದ್ದರೆ ಕೂಡಿಸಲೇಬೇಕಾಗಬಹುದು. ನಿಂತು ಮುಂದೆ ಬಾಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ ತೆಗೆದರೆ ಆ ಅಲುಗಾಟ ಕಾಣುತ್ತದೆ. ಫ್ಲೋರೋಸಿಸ್ಸಿನಲ್ಲಿ ಪಟ್ಟಿಗಳು ಸೆಟೆದು ಮಣಿ ಅಲುಗದೇ ಇರುವುದೂ ಉಂಟು. ‘ಒತ್ತಡ ಮಾತ್ರ ಬಿಡಿಸಿದರೆ ಸಾಲದೇ, ಸಾಲದು ಎಂದರೆ ಯಾಕೆ?’ ಎಂದು ಕೇಳು. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಎರಡನೇ ಅಭಿಪ್ರಾಯಕ್ಕೆ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಮೊದಲು ಹೋಗು, ಅಲ್ಲಿಂದ ಹುಬ್ಬಳ್ಳಿಯ ಅಥವಾ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಕಳಿಸಿದರೆ ಅಲ್ಲಿಗೂ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಈ ಆಪರೇಷನ್ ಯಾವ ಆಸ್ಪತ್ರೆಯಲ್ಲಿ, ಯಾವ ಶಿಫಾರಸಿನ ಮೇಲೆ ಆಗುತ್ತದೆ ಎಂದು ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳು. ಹೊಲದ ಪತ್ರ ಪೆಟ್ಟಿಗೆಯಲ್ಲೇ ಇರಲಿ.

ಒಂದಕ್ಕೆ ಮಾತ್ರ ಕಾಯಬೇಡ. ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಶುಗರ್ ಎಷ್ಟೇ ಇರಲಿ, ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕು.

ಕಾಕಾನ ವಿಷಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಾಲ್ಕು ತಿಂಗಳಿಗೆ ಮತ್ತೆ ಚೀಲ ಹೊತ್ತ ಎಂದು ಬರೆದಿದ್ದೀಯ. 75 ಕೆ.ಜಿ. ಚೀಲ ಬೆನ್ನಿಗೇರಿದಾಗ ಅವನ ಸ್ಲ್ಯಾಬ್ ಇನ್ನೂ ಹಸಿಯಿತ್ತು. ಬೀಡಿಯೂ ಇತ್ತೇನೋ, ನೀನು ಬರೆದಿಲ್ಲ. ತಪ್ಪು ಅವನದೆಂದು ಯಾರೂ ಹೇಳಬಾರದು. ಹಮಾಲಿ ಮಾಡುವವನು ಒಂದು ವರ್ಷ ಕೂತರೆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಅದನ್ನು ಆಪರೇಷನ್ನಿಗೆ ಮೊದಲೇ ಅವನ ಜೊತೆ ಕುಳಿತು ಯಾರಾದರೂ ಮಾತನಾಡಬೇಕಿತ್ತು. ಲೋಕಲ್ ಸ್ಕ್ರೂ ಎಂಬ ಮಾತು ಅವನ ಕಿವಿಗೆ ಬಿದ್ದು, ದುಡ್ಡಿಲ್ಲದ್ದಕ್ಕೆ ತನಗೆ ಹೀಗಾಯಿತು ಎಂಬ ಕೊರಗು ಅವನಲ್ಲಿ ಉಳಿದಿದ್ದರೆ, ಈ ಪತ್ರವನ್ನು ಅವನಿಗೂ ಓದಿ ಹೇಳು.

ಅವ್ವನಿಗೆ ಆಪರೇಷನ್ ಆಗುವುದಾದರೆ ಮನೆಯನ್ನು ಮೊದಲೇ ಸಿದ್ಧಮಾಡು. ಒಲೆ ಕಟ್ಟೆಯ ಮೇಲೆ ಬರಲಿ. ನೆಲದ ಮೇಲೆ ಬಗ್ಗಿ ರೊಟ್ಟಿ ಬಡಿಯುವುದು ಒಂದಷ್ಟು ತಿಂಗಳು ನಿಲ್ಲಬೇಕು. ಪಾಯಿಖಾನೆಗೆ ಕಮೋಡ್ ಕುರ್ಚಿ ತಂದಿಡು. ತುಂಬಿದ ಕೊಡ ಎತ್ತುವುದು, ಸೊಂಟ ತಿರುವಿ ಬಟ್ಟೆ ಹಿಂಡುವುದು, ಬೈಕಿನ ಹಿಂದೆ ಕುಳಿತು ಹೊಲದ ದಾರಿಯಲ್ಲಿ ಹೋಗುವುದು ಇವು ಬೇಡ. ನಡೆಯುವುದು ಬೇಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನೋವಿನ ಗುಳಿಗೆಗಳಲ್ಲೂ ಕೆಲವು ಎಲುಬು ಕೂಡುವುದನ್ನು ನಿಧಾನ ಮಾಡಬಹುದು ಎಂಬ ಸಂಶಯ ವೈದ್ಯರಲ್ಲಿದೆ, ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೂ ಬೇಡ. ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಹೀಗೆ ಎಕ್ಸ್‌ರೇಗೆ ಕರೆಯುತ್ತಾರೆ. ನೋವಿಲ್ಲ ಎಂದು ತಪ್ಪಿಸಬೇಡ. ಆರಾಮಾಗಿದ್ದವರಿಗೆ ಹೊಸದಾಗಿ ನೋವು ಬಂದರೆ, ಜ್ವರ ಬಂದರೆ, ಗಾಯ ಒಸರಿದರೆ ಮುಂದಿನ ತಾರೀಖಿಗೆ ಕಾಯದೆ ಹೋಗು. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸಡಿಲ ಕಂಡಿತು ಎಂದ ಕೂಡಲೇ ಮತ್ತೆ ಕೊಯ್ಯಬೇಕು ಎಂದೇನಿಲ್ಲ. ಎಷ್ಟೋ ಜನರಿಗೆ ಅದು ನೋವನ್ನೇ ಕೊಡುವುದಿಲ್ಲ, ಎಲುಬು ಕೂಡಿದ್ದರೆ ಹಾಗೇ ಬಿಡುತ್ತಾರೆ.

ಕೊನೆಯದಾಗಿ ಒಂದು ಮಾತು ತಮ್ಮಾ, ನೋಯಿಸಬೇಕೆಂದು ಹೇಳುತ್ತಿಲ್ಲ. ನಿನ್ನ ಪತ್ರದಲ್ಲಿ ಡಾಕ್ಟರ ಮಾತಿದೆ, ಸೋದರಮಾವನ ಮಾತಿದೆ, ಕಾಕಾನ ಕಥೆ ಇದೆ, ಊರವರ ಮಾತಿದೆ. ಅವ್ವ ಏನು ಹೇಳಿದಳು ಎಂದು ಒಂದು ಸಾಲೂ ಇಲ್ಲ. ಅವಳಿಗೆ ಏನು ಬೇಕು? ಗುಡಿಯವರೆಗೆ ಕೂರದೆ ನಡೆದರೆ ಸಾಕೇ, ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ತೇರು ನೋಡಬೇಕೇ, ಇಲ್ಲ ಮತ್ತೆ ಟ್ರ್ಯಾಕ್ಟರ್ ಹತ್ತಿ ಓಣಿಯವರ ಜೊತೆ ನಾಟಿಗೆ ಹೋಗುವ ಆಸೆಯೇ? ಮೊದಲ ಎರಡಕ್ಕೆ ದಾರಿ ಇದೆ. ಮೂರನೆಯದನ್ನು ಯಾವ ಸ್ಕ್ರೂ ಮೇಲೂ ನಂಬಿಕೆ ಇಟ್ಟು ನಾನು ಒಪ್ಪುವುದಿಲ್ಲ, ಅದನ್ನು ಆಪರೇಷನ್ನಿಗೆ ಮೊದಲೇ ಅವಳಿಗೆ ಹೇಳಬೇಕು. ಇದೇ ಭಾನುವಾರ ಊರಿಗೆ ಹೋದಾಗ ಕೇಳು. ಮೂರು ತಿಂಗಳಾದ ಮೇಲೆ ಶುಗರ್ ರಿಪೋರ್ಟ್ ಬಂದಾಗ ನನಗೆ ಇನ್ನೊಂದು ಪತ್ರ ಬರೆ, ಅವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆ.